ಚಿತ್ರ ಬಂದಿದೆ, ಹೆಸರು ಕೂಡಿಬಂದಿಲ್ಲ

ಕೊಡಗಿನ ಉತ್ತರದ ಅಂಚಿನಲ್ಲಿರುವ ಕೊಡ್ಲಿಪೇಟೆಯಲ್ಲಿ ಪೈಥಾನ್ ಕಲಿಯುತ್ತಿರುವ ವಿದ್ಯಾರ್ಥಿಗೆ ಒಳ್ಳೆಯ ಯೋಜನೆ ಮನೆಯ ಹಿಂದಿನ ತೋಟದಲ್ಲೇ ಇದೆ: ಆರೋಗ್ಯವಂತ ಕಾಫಿ ಎಲೆಯನ್ನೂ ತುಕ್ಕು ರೋಗ ಹಿಡಿದ ಎಲೆಯನ್ನೂ ಬೇರ್ಪಡಿಸಲು ಕಂಪ್ಯೂಟರಿಗೆ ಕಲಿಸುವುದು. ಅದಕ್ಕೆ ನೂರಾರು ಚಿತ್ರಗಳು ಬೇಕು. ಅನೇಕರು ಜೆರೆಮಿ ಹೊವಾರ್ಡ್ ಮತ್ತು ಸಿಲ್ವೇನ್ ಗುಗ್ಗರ್ 2020ರಲ್ಲಿ ಬರೆದ ಫಾಸ್ಟ್‌ಎಐ ಪುಸ್ತಕದ ಮಾದರಿ ಹಿಡಿಯುತ್ತಾರೆ. ಅದರಲ್ಲಿ ಬಿಂಗ್ ಹುಡುಕಾಟದಿಂದ ಕರಡಿಗಳ ಚಿತ್ರ ತರಿಸುವ ಪಾಠವಿದೆ. ಕರಡಿಯ ಜಾಗದಲ್ಲಿ ಕಾಫಿ ಎಲೆ ಎಂದು ಹಾಕಿ ಓಡಿಸಿದರೆ ಸಾಕೆಂದು ತೋರುತ್ತದೆ. ತೊಡಕು ಶುರುವಾಗುವುದು ಅಲ್ಲಿಯೇ.

ತಪ್ಪು ಕಲ್ಪನೆ: ದೋಷ ಬಂದರೆ ನೆಟ್‌ವರ್ಕ್ ಹೋಗಿದೆ, ಇಲ್ಲವೇ ಎಪಿಐ ಕೀ ತಪ್ಪಾಗಿದೆ.

ವಾಸ್ತವ: ಮಳೆಗಾಲದಲ್ಲಿ ಕರೆಂಟು ಹೋಗುವ ಊರಿನಲ್ಲಿ ಈ ಅನುಮಾನ ಸಹಜ. ಆದರೆ ಸಂಪರ್ಕ ಕಡಿದರೆ ಪೈಥಾನ್ ಕನೆಕ್ಷನ್ ಎರರ್ ಎನ್ನುತ್ತದೆ. ಕೀ ತಪ್ಪಾದರೆ ಸರ್ವರ್ ಸಾಮಾನ್ಯವಾಗಿ 401 ಎಂದು ತಿರಸ್ಕರಿಸುತ್ತದೆ. ಕೀಎರರ್ ಅಥವಾ ಆಟ್ರಿಬ್ಯೂಟ್ಎರರ್ ಬಂದಿದ್ದರೆ ಸಾಮಾನ್ಯವಾಗಿ ಉತ್ತರ ಕೈಗೆ ಬಂದಿದೆ ಎಂದೇ ಅರ್ಥ. ನೀವು ಕೇಳಿದ ಹೆಸರಿನ ಮಾಹಿತಿ ಅದರಲ್ಲಿ ಇಲ್ಲ, ಅಷ್ಟೇ. ಕೀಎರರ್‌ನಲ್ಲಿರುವ ಕೀ ನಿಮ್ಮ ಎಪಿಐ ಕೀ ಅಲ್ಲ.

ತಪ್ಪು ಕಲ್ಪನೆ: 150 ಫಲಿತಾಂಶ ಎಣಿಕೆಗೆ ಸಿಕ್ಕರೆ 150 ಚಿತ್ರ ಸಿಕ್ಕಂತೆ.

ವಾಸ್ತವ: ಅತಿ ಹೆಚ್ಚು ಜನರ ಹೊತ್ತು ಕಳೆಯುವ ತಪ್ಪು ಇದು, ನಿಧಾನವಾಗಿ ನೋಡಬೇಕು. ಪುಸ್ತಕದ ಕೋಡು ಪ್ರತಿ ಫಲಿತಾಂಶದಿಂದ ಕಂಟೆಂಟ್_ಯುಆರ್‌ಎಲ್ ಎಂಬ ಹೆಸರಿನದನ್ನು ಎತ್ತಿಕೊಳ್ಳುತ್ತಿತ್ತು. ಮೈಕ್ರೋಸಾಫ್ಟ್‌ನ ಪೈಥಾನ್ ಲೈಬ್ರರಿ ಪೈಥಾನಿನ ರೂಢಿಗೆ ತಕ್ಕಂತೆ ನಡುವೆ ಅಂಡರ್‌ಸ್ಕೋರ್ ಇಟ್ಟು ಹಾಗೆ ಹೆಸರಿಸಿತ್ತು. ಬಿಂಗ್ ಸರ್ವರ್ ನೇರವಾಗಿ ಕಳಿಸುತ್ತಿದ್ದ ಜೇಸನ್‌ನಲ್ಲಿ ಮಾತ್ರ ಅಂಡರ್‌ಸ್ಕೋರ್ ಇರಲಿಲ್ಲ. ಎರಡು ಪದ ಕೂಡಿಕೊಂಡು, ಎರಡನೆಯದರ ಮೊದಲಕ್ಷರ ದೊಡ್ಡದಾಗಿರುತ್ತಿತ್ತು. ಪೈಥಾನಿಗೆ ಇವೆರಡೂ ಬೇರೆ ಬೇರೆ. ಫಾಸ್ಟ್‌ಎಐನ ಆಟರ್‌ಗಾಟ್ ಎಂಬ ಮೆಥಡ್ ಹೆಸರು ಸಿಗದಿದ್ದಾಗ ಕೂಗುವುದಿಲ್ಲ, ಆ ಜಾಗದಲ್ಲಿ ನನ್ (ಏನೂ ಇಲ್ಲ ಎಂಬ ಗುರುತು) ಇಟ್ಟು ಮುಂದೆ ಹೋಗುತ್ತದೆ. ಪಟ್ಟಿಯ ಉದ್ದ 150 ಎಂದೇ ಬರುತ್ತದೆ, ಒಳಗೆ 150 ನನ್‌ಗಳು. ದೋಷ ಕಾಣಿಸುವುದು ಡೌನ್‌ಲೋಡ್ ಸಾಲಿನಲ್ಲಿ, ತಪ್ಪಿದ್ದದ್ದು ಅದಕ್ಕೂ ಮೇಲಿನ ಸಾಲಿನಲ್ಲಿ. ಉದ್ದ ನೋಡಬೇಡಿ, ಮೊದಲ ಫಲಿತಾಂಶವನ್ನು ಪ್ರಿಂಟ್ ಮಾಡಿ. ಅದು ಡಿಕ್ಷನರಿಯಾದರೆ ಕೀಸ್, ಆಬ್ಜೆಕ್ಟ್ ಆದರೆ ವಾರ್ಸ್ ಬಳಸಿದರೆ ಒಳಗಿರುವ ಹೆಸರುಗಳೆಲ್ಲ ಕಣ್ಣೆದುರು ಬರುತ್ತವೆ.

ತಪ್ಪು ಕಲ್ಪನೆ: ಯುಆರ್‌ಎಲ್ ಎಂದಿದ್ದರೆ ಅದು ಚಿತ್ರದ ವಿಳಾಸವೇ.

ವಾಸ್ತವ: ಚಿತ್ರ ಹುಡುಕುವ ಇನ್ನೊಂದು ಸೇವೆಯಾದ ಓಪನ್‌ವರ್ಸ್‌ನಲ್ಲಿ ಹೌದು. ಡಕ್‌ಡಕ್‌ಗೋ ಹುಡುಕಾಟದ ಪೈಥಾನ್ ಪ್ಯಾಕೇಜಿನಲ್ಲಿ ಚಿತ್ರದ ವಿಳಾಸ ಇರುವುದು ಇಮೇಜ್ ಎಂಬ ಹೆಸರಿನಡಿ. ಯುಆರ್‌ಎಲ್ ಎಂದರೆ ಆ ಚಿತ್ರ ಇರುವ ಪುಟ. ಗೂಗಲ್ ಕಸ್ಟಮ್ ಸರ್ಚ್ ಚಿತ್ರದ ವಿಳಾಸವನ್ನು ಲಿಂಕ್ ಎನ್ನುತ್ತದೆ. ಪುಟದ ವಿಳಾಸವನ್ನೇ ಚಿತ್ರದ್ದೆಂದು ತಿಳಿಯುವುದು ಹೆಸರು ತಪ್ಪಿದ್ದಕ್ಕಿಂತ ಅಪಾಯಕಾರಿ. ಯಾವ ದೋಷವೂ ಬರುವುದಿಲ್ಲ, ಫೈಲು ಉಳಿಯುತ್ತದೆ, ತೆರೆದು ನೋಡಿದರೆ ಒಳಗೆ ಎಚ್‌ಟಿಎಂಎಲ್.

ತಪ್ಪು ಕಲ್ಪನೆ: ಹೋದ ವರ್ಷ ಓಡಿದ ಕೋಡು ಈಗಲೂ ಓಡಲೇಬೇಕು.

ವಾಸ್ತವ: ಬಿಂಗ್ ಹುಡುಕಾಟದ ಎಪಿಐಗಳನ್ನು ಮೈಕ್ರೋಸಾಫ್ಟ್ 2025ರ ಆಗಸ್ಟ್ 11ರಂದು ನಿಲ್ಲಿಸಿತು. ಡಕ್‌ಡಕ್‌ಗೋ ಪ್ಯಾಕೇಜಿನಲ್ಲಿದ್ದ ಡಿಡಿಜಿ_ಇಮೇಜಸ್ ಫಂಕ್ಷನ್ ಹೋಗಿ ಡಿಡಿಜಿಎಸ್ ಕ್ಲಾಸ್ ಬಂತು. ಆಮೇಲೆ ಪ್ಯಾಕೇಜಿನ ಹೆಸರೇ ಡಿಡಿಜಿಎಸ್ ಆಯಿತು. ಓಡುತ್ತಿರುವ ಆವೃತ್ತಿಯ ಸಂಖ್ಯೆಯನ್ನು ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಬರೆದಿಡಿ. ಹೊರಗಿನ ಹೆಸರುಗಳನ್ನು ನಿಮ್ಮದೇ ಹೆಸರುಗಳಿಗೆ ಬದಲಿಸುವ ಕೆಲಸವನ್ನು ಒಂದೇ ಪುಟ್ಟ ಫಂಕ್ಷನ್ನಿನಲ್ಲಿ ಇಡಿ. ನಾಳೆ ಸೇವೆ ಬದಲಾದರೆ ತಿದ್ದಬೇಕಾದ ಜಾಗ ಅದೊಂದೇ.

ತಪ್ಪು ಕಲ್ಪನೆ: ಟ್ರೈ–ಎಕ್ಸೆಪ್ಟ್ ಹಾಕಿದರೆ ಸಮಸ್ಯೆ ಮುಗಿಯಿತು.

ವಾಸ್ತವ: ದೋಷ ಕಾಣುವುದು ನಿಲ್ಲುತ್ತದೆ, ಫೋಲ್ಡರ್ ಖಾಲಿಯೇ ಉಳಿಯುತ್ತದೆ. ಕಲಿಯುವವರಿಗೆ ಈ ಅಭ್ಯಾಸ ಹಿಡಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೆಸರು ಸಿಗದಿದ್ದರೆ ಪ್ರೋಗ್ರಾಮ್ ಅಲ್ಲೇ ನಿಲ್ಲಲಿ.

ತಪ್ಪು ಕಲ್ಪನೆ: ವಿಳಾಸ ಸರಿಯಾದರೆ ಚಿತ್ರವೂ ಸರಿ.

ವಾಸ್ತವ: ಕಾಫಿ ಎಲೆ ಎಂದು ಹುಡುಕಿದರೆ ಬಟ್ಟಲು, ಬೀಜ, ಜಾಹೀರಾತು ಎಲ್ಲ ಬರಬಹುದು. ತುಕ್ಕು ರೋಗದ್ದು ಎಂದು ಬಂದ ಎಲೆಯ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ ನಿಜವಾಗಿ ಇದೆಯೇ ಎಂದು ನೋಡಬೇಕಾದದ್ದು ತೋಟ ಬಲ್ಲ ಕಣ್ಣು. ಫೋಲ್ಡರನ್ನು ಕಂಪ್ಯೂಟರಿಗೆ ಕಲಿಸಲು ಕೊಡುವ ಮೊದಲು ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೇಡದ್ದನ್ನು ಅಳಿಸಿ ಹಾಕಿ.