ಹುಳಿ ಬಾಯಲ್ಲಿ ಎಷ್ಟು ಹೊತ್ತು?

ಒಣಗಿದ ಹುಳಿಹಣ್ಣು ಅತಿಯಾದರೆ ಹೊಟ್ಟೆ ಕೆಡುತ್ತದೆ ಎಂಬ ಎಚ್ಚರಿಕೆ ನಮ್ಮ ಮನೆಗಳಲ್ಲಿ ಹಳೆಯದು. ಆದರೆ ಮೊದಲ ಪೆಟ್ಟು ಬೀಳುವುದು ಹೊಟ್ಟೆಗಲ್ಲ, ಹಲ್ಲಿಗೆ. ಜಠರದಲ್ಲಿ ಹುಣಸೆಗಿಂತ ತೀಕ್ಷ್ಣವಾದ ಆಮ್ಲ ಸದಾ ಇರುತ್ತದೆ. ಅದನ್ನು ತಾಳಿಕೊಳ್ಳಲು ಅಲ್ಲಿ ಲೋಳೆಯ ಪದರವಿದೆ. ಹುಣ್ಣು, ಎದೆಯುರಿ ಇರುವವರಿಗೆ ಮಾತ್ರ ಹುಳಿ ಅಲ್ಲೂ ಕಾಟ ಕೊಡಬಹುದು. ಹಲ್ಲಿನ ಹೊರಪದರವಾದ ಎನಾಮಲ್ ದೇಹದಲ್ಲೇ ಅತಿ ಗಟ್ಟಿ ವಸ್ತು, ನಿಜ. ಆದರೂ ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಅದರಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗತೊಡಗುತ್ತವೆ. ಹುಣಸೆ ತಿರುಳಿನ ಪಿಎಚ್ 3ರ ಆಸುಪಾಸಿನದು. ಅದರ ತೂಕದಲ್ಲಿ ಶೇ. 8ರಿಂದ 18ರಷ್ಟು ಟಾರ್ಟಾರಿಕ್ ಆಮ್ಲವೇ. ಎನಾಮಲ್‌ನಲ್ಲಿ ಜೀವಕೋಶಗಳಿಲ್ಲದ ಕಾರಣ ಒಮ್ಮೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ತಣ್ಣೀರು ಕುಡಿದರೂ ಹಲ್ಲು ಜುಂ ಎನ್ನುವುದು ಹೀಗೆ ಸವೆದದ್ದರ ಸೂಚನೆ ಇರಬಹುದು.

ಹಾಗಿದ್ದರೆ ದಿನವೂ ಹುಣಸೆ ಹಿಂಡಿದ ಸಾರು ಉಣ್ಣುವವರ ಹಲ್ಲೆಲ್ಲ ಸವೆದುಹೋಗಬೇಕಿತ್ತಲ್ಲ ಎಂದು ಕೇಳುವುದು ಸಹಜ. ಕೇಳಲೇಬೇಕಾದ ಪ್ರಶ್ನೆಯಿದು, ಉತ್ತರವಿರುವುದು ಹೊತ್ತಿನ ಲೆಕ್ಕದಲ್ಲಿ. ಸಾರಿನ ಹುಳಿ ನೀರಿನಲ್ಲಿ ತೆಳುವಾಗಿ, ಅನ್ನ ಬೇಳೆಯೊಡನೆ ಬೇಗ ಗಂಟಲಿಗಿಳಿಯುತ್ತದೆ. ಆಮೇಲೆ ಜೊಲ್ಲು ಬಾಯಿಯ ಆಮ್ಲವನ್ನು ತಣಿಸಿ, ಮೆತ್ತಗಾದ ಎನಾಮಲ್‌ಗೆ ಖನಿಜವನ್ನು ಒಂದಿಷ್ಟು ಮರಳಿಸುತ್ತದೆ. ಚಿಗಳಿಯ ವಿಷಯ ಬೇರೆ. ಹುಣಸೆಯನ್ನು ಉಪ್ಪು, ಬೆಲ್ಲ, ಜೀರಿಗೆಯೊಡನೆ ಕುಟ್ಟಿ, ಉಂಡೆ ಮಾಡಿ ಕಡ್ಡಿಗೆ ಸಿಕ್ಕಿಸಿದ ಅದನ್ನು ಮಕ್ಕಳು ಚೀಪುತ್ತಲೇ ಇರುತ್ತಾರೆ. ನಾಲಿಗೆ ಸೋಕಿದಷ್ಟು ಸಲ ಹೊಸ ಆಮ್ಲ ಹಲ್ಲಿಗೆ ತಾಗುತ್ತದೆ, ಜೊಲ್ಲಿಗೆ ಬಿಡುವೇ ಸಿಗುವುದಿಲ್ಲ. ಜಿಗುಟಾದ ಬೆಲ್ಲ ಹಲ್ಲಿನ ಸಂದಿಯಲ್ಲಿ ಉಳಿದು, ಅಲ್ಲಿನ ಬ್ಯಾಕ್ಟೀರಿಯಾಗಳು ಅದರಿಂದ ಮತ್ತಷ್ಟು ಆಮ್ಲ ತಯಾರಿಸುತ್ತವೆ. ಹಾಲುಹಲ್ಲಿನ ಎನಾಮಲ್ ತೆಳುವಾದ್ದರಿಂದ ಮಕ್ಕಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು.

ನೆಲ್ಲಿಕಾಯಿಯಲ್ಲಿ ಸಿ ಜೀವಸತ್ವ ಹೇರಳವಾಗಿದೆ, ಒಣ ನೆಲ್ಲಿ ಎಷ್ಟು ತಿಂದರೂ ಒಳ್ಳೆಯದೇ ಎಂಬುದು ಇನ್ನೊಂದು ವಾದ. ಆ ಜೀವಸತ್ವವೂ ಒಂದು ಆಮ್ಲ. ದೇಹಕ್ಕೆ ಬೇಕಾದದ್ದು ಹಲ್ಲಿಗೂ ಹಿತವೆಂದೇನಿಲ್ಲ. ಅಲ್ಲದೆ ಒಣಗಿದಾಗ ನೀರು ಹೋಗಿ ಕಾಯಿ ಚಿಕ್ಕದಾಗುತ್ತದೆ, ಆಮ್ಲ ಉಳಿಯುತ್ತದೆ. ಹಸಿ ನೆಲ್ಲಿ ಎರಡು ತಿಂದರೆ ಸಾಕೆನ್ನುವ ಬಾಯಿಗೆ ಒಣಗಿದ ಹತ್ತು ಕಾಯಿಯ ಚೂರುಗಳೂ ಹೆಚ್ಚೆನಿಸುವುದಿಲ್ಲ. ಜೊತೆಗೆ ಉಪ್ಪು: ವಯಸ್ಕರಿಗೆ ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಕ್ತದೊತ್ತಡ ಇರುವವರು ಉಪ್ಪಿನಕಾಯಿ ಬಿಟ್ಟು ಉಪ್ಪು ಸವರಿದ ನೆಲ್ಲಿ ಹಿಡಿದರೆ ಬಂದ ಲಾಭವೇನು?

ತಿಂದ ಕೂಡಲೇ ಹಲ್ಲುಜ್ಜಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಆಮ್ಲದಿಂದ ಮೆತ್ತಗಾಗಿರುವ ಪದರವನ್ನು ಬ್ರಷ್ ಉಜ್ಜಿ ತೆಗೆಯಬಹುದು. ಊಟದ ಜೊತೆಗೇ ಹುಳಿ ತಿಂದು ಮುಗಿಸಿ, ನೀರಿನಿಂದ ಚೆನ್ನಾಗಿ ಬಾಯಿ ಮುಕ್ಕಳಿಸಿ. ಬ್ರಷ್ ಹಿಡಿಯಲು ಅರ್ಧ ಗಂಟೆಯಾದರೂ ಕಳೆಯಲಿ.