ಊರ ಹಾದಿಯೂ ಮನೆಯ ಮಾಳಿಗೆಯೂ

ಯಾದಗಿರಿ, ಶಹಾಪುರ, ಸುರಪುರಗಳ ಕಡೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬಾಳಿದ ಗೃಹಸ್ಥರಿಗೆ ಒಂದು ಕಟ್ಟಳೆ ಚೆನ್ನಾಗಿ ತಿಳಿದಿರುವುದು. ಮೃಗಶಿರ ಮಳೆ ಕೂಡುವುದಕ್ಕೆ ಮೊದಲೇ ಮನೆಯ ಯಜಮಾನನು ಏಣಿ ಹಾಕಿ ಮಾಳಿಗೆಯನ್ನೇರುವನು. ಬಿರುಕುಬಿಟ್ಟ ಎಡೆಗಳಲ್ಲಿ ಮಣ್ಣು ಹಾಕಿಸಿ ತುಳಿಸುವನು. ಬೇರುಬಿಟ್ಟ ಹುಲ್ಲನ್ನು ಕೀಳಿಸುವನು. ನೀರು ಇಳಿಯುವ ಹರನಾಳಿಗೆಯೊಳಗಿನ ಕಸವನ್ನು ತೆಗೆಯಿಸುವನು. ಗೃಹಿಣಿಯು ಅಂಗಳದಲ್ಲಿ ನಿಂತು, ಕಳೆದ ವರ್ಷ ಯಾವ ಮೂಲೆಯಲ್ಲಿ ಸೋರಿತ್ತೆಂಬುದನ್ನು ನೆನಪು ಮಾಡಿಕೊಡುವಳು. ಇಷ್ಟಕ್ಕೆ ಒಂದು ದಿನದ ಕೆಲಸವೂ ಕೆಲವು ಬುಟ್ಟಿ ಮಣ್ಣೂ ಸಾಕು. ಎರಡು ವರ್ಷ ಇದನ್ನು ಅಲಕ್ಷಿಸಿದವನ ಮನೆಯಲ್ಲಿಯಾದರೋ ತೊಲೆ ಜಂತಿಗಳೇ ಕೊಳೆತು, ಬುಟ್ಟಿ ಮಣ್ಣಿನಿಂದ ತೀರುವ ಕೆಲಸಕ್ಕೆ ಹೊಲ ಮಾರುವ ಪ್ರಸಂಗ ಬರುವುದು.

ಊರ ಹಾದಿಯೂ ಇಂತಹದೊಂದು ಮಾಳಿಗೆಯೇ ಸರಿ. ಭೇದವಿಷ್ಟೆ: ಮನೆಯ ಮಾಳಿಗೆಗೆ ಒಬ್ಬ ಯಜಮಾನನುಂಟು, ಹಾದಿಗೆ ಯಜಮಾನನು ಯಾರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಈ ಅಜ್ಞಾನದಿಂದ ಎಂತಹ ಅನರ್ಥವು ಬಾಗಿಲಿಗೆ ಬರುವುದೆಂಬುದನ್ನು ನಾವು ಕಣ್ಣಾರೆ ಕಂಡೆವಾದುದರಿಂದ, ಅದನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಕೆಲವು ವರ್ಷಗಳ ಹಿಂದಿನ ಸಂಗತಿ. ನಾವಾಗ ಸುರಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಉಪಾಧ್ಯಾಯರಾಗಿದ್ದೆವು. ಶ್ರಾವಣದ ಒಂದು ರಾತ್ರಿ ಮಳೆ ಸುರಿಯುತ್ತಿರಲು, ನೆರೆಮನೆಯ ಸೊಸೆಗೆ ಹೆರಿಗೆಯ ಬೇನೆ ತೊಡಗಿತು. ೧೦೮ಕ್ಕೆ ಫೋನು ಮಾಡಲಾಗಿ, ಗಾಡಿಯು ತಡಮಾಡದೆ ಹೊರಟುಬಂದಿತು. ಆದರೆ ಊರು ಇನ್ನು ಎರಡು ಫರ್ಲಾಂಗು ಇರುವಾಗಲೇ ಅದು ನಿಲ್ಲಬೇಕಾಯಿತು. ಹಳ್ಳದ ಮೋರಿಯ ಬಳಿ ನೀರು ರಸ್ತೆಯ ಮೇಲೇರಿ, ಅರ್ಧ ರಸ್ತೆಯನ್ನೇ ಕೊರೆದುಕೊಂಡು ಹೋಗಿದ್ದಿತು. ಬೇರೆ ಗತಿಯಿಲ್ಲದೆ ಆಕೆಯನ್ನು ಹೊರಸಿನ ಮೇಲೆ ಮಲಗಿಸಿ, ತಾಡಪತ್ರಿ ಹೊದಿಸಿ, ನಾಲ್ವರು ಹೆಗಲು ಕೊಟ್ಟು ಮೊಣಕಾಲುದ್ದದ ನೀರಿನಲ್ಲಿ ದಾಟಿಸಿದರು. ಮುಂದೆ ನಾವು ಬ್ಯಾಟರಿ ಹಿಡಿದು ದಾರಿ ತೋರುತ್ತಿದ್ದೆವು. ಸುರಪುರದ ಆಸ್ಪತ್ರೆ ಸೇರುವ ಮೊದಲೇ ಗಾಡಿಯಲ್ಲಿಯೇ ಮಗು ಹುಟ್ಟಿತು. ದೈವಕೃಪೆಯಿಂದ ತಾಯಿಯೂ ಮಗುವೂ ಉಳಿದರು. ಮರುದಿನ ಆ ಮನೆಯ ಅಜ್ಜಿ ನಮ್ಮನ್ನು ಕಂಡು, “ಮಾಸ್ತರ್ರ, ಮಾಳಿಗಿ ಸೋರಿದ್ರ ತಳಗ ಬೋಗಾಣಿ ಇಡ್ತೀವಿ. ಹಾದೀನೇ ಕೊಚ್ಚಿ ಹೋದ್ರ ಏನಿಡೋದ್ರೀ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಬೆಳಕು ಹರಿದ ಮೇಲೆ ಹೋಗಿ ನೋಡಿದಾಗ ಕಾರಣವು ಸ್ಪಷ್ಟವಾಯಿತು. ಮೋರಿಗೆ ಮೂರು ಕೊಳವೆಗಳು; ಎರಡರೊಳಗೆ ಹತ್ತಿಕಟ್ಟಿಗೆ, ಮುಳ್ಳುಕಂಟಿ, ಪ್ಲಾಸ್ಟಿಕ್ಕಿನ ಚೀಲಗಳು, ಮೇಲೆ ಹೂಳು. ನೀರಿಗೆ ಕೆಳಗೆ ದಾರಿಯಿಲ್ಲದೆ ಅದು ಮೇಲೆ ಹತ್ತಿತು. ವೈಶಾಖದಲ್ಲಿ ಇಬ್ಬರು ಕೂಲಿಕಾರರು ಒಂದು ದಿನ ದುಡಿದಿದ್ದರೆ ಆ ಕೊಳವೆಗಳು ತೆರೆದಿರುತ್ತಿದ್ದವು. ಆ ಕಸವನ್ನು ಎಸೆದವರು ಪರಸ್ಥಳದವರಲ್ಲ, ಊರಿನವರೇ. ನಾವಾದರೂ ದಿನವೂ ಆ ಹಾದಿಯಲ್ಲಿಯೇ ನಡೆದು, ಅದನ್ನು ನೋಡಿಯೂ ‘ಇದು ನಮ್ಮ ಕೆಲಸವಲ್ಲ’ವೆಂದು ಮುಂದೆ ಸಾಗಿದವರೇ ಅಲ್ಲವೆ?

ರಸ್ತೆಗೆ ಪರಮಶತ್ರುವು ಬಂಡಿಯ ಗಾಲಿಯಲ್ಲ, ನೀರು. ಅದರಲ್ಲಿಯೂ ನಮ್ಮ ಎರೆಭೂಮಿಯ ಸೀಮೆಯಲ್ಲಿ ಇದು ಹೆಚ್ಚಿನ ಮಾತು. ಎರೆಮಣ್ಣು ನೀರು ಕುಡಿದಾಗ ಉಬ್ಬುವುದು, ಒಣಗಿದಾಗ ಕುಗ್ಗಿ ಬಾಯಿಬಿಡುವುದು. ತೊಗರಿ ಹತ್ತಿಗಳಿಗೆ ವರವಾದ ಇದೇ ಗುಣವು ರಸ್ತೆಗೆ ಶಾಪವು. ಬೇಸಗೆಯಲ್ಲಿ ಕೆಳಗಿನ ಮಣ್ಣು ಸೀಳಿ, ಮೇಲಿನ ಡಾಂಬರಿನಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸುವುದು. ಮಳೆಗಾಲದಲ್ಲಿ ಆ ಬಿರುಕಿನೊಳಗೆ ನೀರಿಳಿದು ಮಣ್ಣು ಕೆಸರಾಗುವುದು. ಆ ಮೇಲೆ ಭತ್ತದ ಚೀಲ ಹೇರಿದ ಲಾರಿಯೊಂದು ಹಾದುಹೋದರೆ ಖಡಿಯು ಕೆಸರಿನಲ್ಲಿ ಕುಸಿದು ತಗ್ಗು ಬೀಳುವುದು. ಬಿರುಕನ್ನು ಆ ವರ್ಷವೇ ಮುಚ್ಚಿದರೆ ಸ್ವಲ್ಪ ಡಾಂಬರಿನಿಂದ ಮುಗಿಯುತ್ತಿದ್ದ ಕೆಲಸವು, ಬಿಟ್ಟರೆ ರಸ್ತೆಯನ್ನು ಬುಡದಿಂದ ಅಗೆದು ಗರಸು ತುಂಬುವವರೆಗೆ ಬೆಳೆಯುವುದು. ನಾರಾಯಣಪುರದ ಬಸವಸಾಗರದ ಎಡದಂಡೆ ಕಾಲುವೆಯ ನೀರು ಹರಿಯುವ ಸುರಪುರ, ಶಹಾಪುರಗಳ ಬಯಲಿನಲ್ಲಿ ಗದ್ದೆಯ ತೇವವು ರಸ್ತೆಯ ಬುಡವನ್ನು ಮಳೆಯಿಲ್ಲದಾಗಲೂ ಮುಟ್ಟುವುದುಂಟು. ಇಂತಹ ಕಡೆಗಳಲ್ಲಿ ಪಕ್ಕದ ಚರಂಡಿಯು ಮತ್ತಷ್ಟು ಅವಶ್ಯಕ.

ಇದು ಹೊಸದಾಗಿ ಕಂಡುಹಿಡಿದ ತತ್ತ್ವವೇನೂ ಅಲ್ಲ. ಖಡಿ ರಸ್ತೆಯ ಪದ್ಧತಿಗೆ ತನ್ನ ಹೆಸರನ್ನೇ ಕೊಟ್ಟ ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕ್ಆಡಮ್ (೧೭೫೬–೧೮೩೬) ಎಂಬವನು, ಭಾರವನ್ನು ಹೊರುವುದು ವಾಸ್ತವವಾಗಿ ಕೆಳಗಿನ ನೆಲವೇ ಆದುದರಿಂದ ಆ ನೆಲವನ್ನು ಒಣಗಿಸಿಡುವುದೇ ರಸ್ತೆಯ ವಿದ್ಯೆಯ ಸಾರವೆಂದು ಬೋಧಿಸಿದನು. ನಮ್ಮ ಶುಕ್ರನೀತಿಸಾರದಲ್ಲಿಯೂ ಇದೇ ಅಭಿಪ್ರಾಯವಿದೆ. ಮಾರ್ಗವು ಆಮೆಯ ಬೆನ್ನಿನಂತೆ ನಡುವೆ ಉಬ್ಬಿರಬೇಕು, ನೀರು ಹರಿದುಹೋಗಲು ಎರಡು ಪಕ್ಕಗಳಲ್ಲಿ ಕಾಲುವೆಗಳಿರಬೇಕು, ಪ್ರತಿ ವರ್ಷವೂ ದುರಸ್ತಿಯಾಗಬೇಕು ಎಂದು ಆ ಗ್ರಂಥವು ವಿಧಿಸುವುದು. ಅದರ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ವಿವಾದವಿದ್ದು, ಈಚಿನದೆಂದೇ ಹಲವರ ಮತ. ಆದರೂ ‘ಪ್ರತಿ ವರ್ಷ’ ಎಂಬ ಮಾತಿನ ಬೆಲೆಯು ಅದರಿಂದ ಕುಗ್ಗದು.

ಪ್ರಾಚೀನತೆಯಲ್ಲಿ ಸಂದೇಹವಿಲ್ಲದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡೋಣ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿ ಲೋಕಕ್ಕೆ ಮರಳಿ ದೊರಕಿಸಿಕೊಟ್ಟ ಗ್ರಂಥವಿದು. ಬೀದಿಯಲ್ಲಿ ಮಣ್ಣು ಕಸ ಚೆಲ್ಲಿದವನಿಗೆ ಎಂಟನೆಯ ಒಂದು ಪಣ ದಂಡ, ಕೆಸರು ನೀರುಗಳನ್ನು ನಿಲ್ಲುವಂತೆ ಮಾಡಿದವನಿಗೆ ಕಾಲು ಪಣ, ರಾಜಮಾರ್ಗದಲ್ಲಾದರೆ ಇಮ್ಮಡಿ. ಕಸ ಚೆಲ್ಲುವುದಕ್ಕಿಂತ ನೀರು ನಿಲ್ಲಿಸುವುದಕ್ಕೆ ದಂಡವು ಎರಡು ಪಟ್ಟಾಗಿರುವುದನ್ನು ವಾಚಕರು ಗಮನಿಸಬೇಕು. ನಮ್ಮ ಹಳ್ಳಿಯ ಮೋರಿಯಲ್ಲಿ ಎರಡು ಅಪರಾಧಗಳೂ ಒಟ್ಟಿಗೆ ನಡೆದಿದ್ದವು.

ಇನ್ನು ಮುಂದಿನ ಕಥೆ. ಆ ರಾತ್ರಿಯ ತರುವಾಯ ನಾವು ಒಂದು ಮನವಿಯನ್ನು ಬರೆದು, ಊರ ಹಿರಿಯರ ಸಹಿ ಹಾಕಿಸಿ, ಒಂದು ಕಚೇರಿಗೆ ಕಳುಹಿಸಿದೆವು. ಮೂರು ತಿಂಗಳಾದ ಮೇಲೆ ಉತ್ತರ ಬಂದಿತು: ಸದರಿ ರಸ್ತೆಯು ತಮ್ಮ ವ್ಯಾಪ್ತಿಗೆ ಸೇರಿದುದಲ್ಲವೆಂದು. ನಮಗೆ ಕೋಪ ಬಂದುದು ನಿಜ. ಆದರೆ ವಿಚಾರಿಸಿದಾಗ ಆ ಉತ್ತರವು ಸರಿಯಾದುದೇ ಎಂದು ತಿಳಿಯಿತು. ನಾವು ತಪ್ಪು ಬಾಗಿಲನ್ನು ತಟ್ಟಿದ್ದೆವು. ಬೇರೆಯವರು ಹೀಗೆ ಮೂರು ತಿಂಗಳು ಕಳೆದುಕೊಳ್ಳಬಾರದೆಂದು, ಯಾವ ರಸ್ತೆಗೆ ಯಾರು ಹೊಣೆಯೆಂಬುದನ್ನು ಇಲ್ಲಿ ವಿವರಿಸುತ್ತೇವೆ.

೧೯೪೩ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಇಂಜಿನಿಯರುಗಳು ದೇಶದ ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ಎಂದು ವರ್ಗೀಕರಿಸಿದರು. ಈಗಿನ ವ್ಯವಸ್ಥೆಯು ಆ ಬುಡದ ಮೇಲೆಯೇ ನಿಂತಿದೆ. ಕಿಲೋಮೀಟರು ಕಲ್ಲಿನ ನೆತ್ತಿಯ ಬಣ್ಣವೇ ರಸ್ತೆಯ ಕುಲವನ್ನು ಹೇಳುವುದು. ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ. ಜೇವರ್ಗಿಯಿಂದ ಶಹಾಪುರ, ಸುರಪುರಗಳ ಮೇಲೆ ಬಳ್ಳಾರಿಯ ಕಡೆಗೆ ಹೋಗುವ ೧೫೦ಎ, ಯಾದಗಿರಿಯನ್ನು ಹಾದುಹೋಗುವ ೧೫೦ ಇಂತಹವು. ಇವುಗಳ ಬಗ್ಗೆ ೧೦೩೩ ಎಂಬ ಸಂಖ್ಯೆಗೆ ಫೋನು ಮಾಡಿ ತಿಳಿಸಬಹುದು. ಹಸಿರಾದರೆ ರಾಜ್ಯ ಹೆದ್ದಾರಿ. ಇದೂ ಜಿಲ್ಲೆಯ ಮುಖ್ಯ ರಸ್ತೆಗಳೂ ಲೋಕೋಪಯೋಗಿ ಇಲಾಖೆಗೆ ಸೇರಿದವು. ಕಿತ್ತಳೆಯಾದರೆ ಗ್ರಾಮೀಣ ರಸ್ತೆ. ಇದು ಗ್ರಾಮ ಪಂಚಾಯಿತಿಗೂ ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆಗೂ ಸಂಬಂಧಿಸಿದುದು. ಯಾದಗಿರಿ, ಶಹಾಪುರ, ಸುರಪುರ ಪಟ್ಟಣಗಳ ಒಳಬೀದಿಗಳು, ಚರಂಡಿಗಳು, ಬೀದಿದೀಪಗಳು ಆಯಾ ನಗರಸಭೆಯ ಹೊಣೆ. ಅಲ್ಲಿ ಪೌರಾಯುಕ್ತರಿಗೆ ಬರೆಯತಕ್ಕದ್ದು. ನಮ್ಮ ಹಳ್ಳಿಯ ರಸ್ತೆಗಾದರೋ ಯಾವ ಬಣ್ಣದ ಕಲ್ಲೂ ಇರಲಿಲ್ಲ. ನಾವು ಎಡವಿದ್ದು ಅಲ್ಲಿಯೇ. ಕಲ್ಲಿಲ್ಲದ ಕಡೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಮೊದಲು ಕೇಳುವುದು ಲೇಸು.

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ (ಇದು ೨೦೦೦ದಲ್ಲಿ ಆರಂಭವಾಯಿತು) ಆದ ರಸ್ತೆಗಳ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ. ಕಟ್ಟಿದ ಗುತ್ತಿಗೆದಾರನೇ ಐದು ವರ್ಷಗಳವರೆಗೆ ಅದನ್ನು ನೋಡಿಕೊಳ್ಳಬೇಕೆಂಬ ಕರಾರು ಅದರಲ್ಲಿಯೇ ಅಡಗಿದೆ. ರಸ್ತೆಯ ಮೊದಲಲ್ಲಿ ನಿಲ್ಲಿಸಿದ ಫಲಕವನ್ನು ಓದಿ, ಕೆಲಸ ಮುಗಿದ ತಾರೀಖನ್ನು ಬರೆದಿಟ್ಟುಕೊಂಡರೆ, ಐದು ವರ್ಷದೊಳಗೆ ಬಿದ್ದ ತಗ್ಗಿಗೆ ಯಾರನ್ನು ಕೇಳಬೇಕೆಂಬುದು ತಾನಾಗಿಯೇ ತಿಳಿಯುವುದು.

ಮನವಿಯನ್ನು ಬರೆಯುವುದೂ ಒಂದು ಕಲೆ. ‘ರಸ್ತೆ ಹಾಳಾಗಿದೆ, ಸರಿಪಡಿಸಿ’ ಎಂದರೆ ಓದಿದವರಿಗೆ ಏನೂ ತಿಳಿಯದು. ಯಾವ ಊರಿನಿಂದ ಯಾವ ಊರಿಗೆ, ಯಾವ ಕಲ್ಲಿನ ಅಥವಾ ಯಾವ ಗುಡಿಯ ಬಳಿ, ತಗ್ಗು ಎಷ್ಟು ಉದ್ದ ಎಷ್ಟು ಆಳ, ಎಂದಿನಿಂದ ಇದೆ ಎಂಬುದನ್ನು ಬರೆದು, ಒಂದು ಭಾವಚಿತ್ರವನ್ನು ಲಗತ್ತಿಸಿ, ಕಚೇರಿಯಲ್ಲಿ ಕೊಟ್ಟು ಸ್ವೀಕೃತಿಯ ಮುದ್ರೆಯನ್ನು ಹಾಕಿಸಿಕೊಳ್ಳಬೇಕು. ಮುದ್ರೆಯಿಲ್ಲದ ಅರ್ಜಿಗೆ ಸಾಕ್ಷಿಯಿಲ್ಲ. ೧೯೦೨ ಎಂಬ ಸಂಖ್ಯೆಯಲ್ಲಿ ರಾಜ್ಯ ಸರಕಾರವು ಕುಂದುಕೊರತೆಗಳನ್ನು ದಾಖಲು ಮಾಡಿಕೊಳ್ಳುವ ಏರ್ಪಾಡೂ ಇದೆ. ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಕೂಡಬೇಕೆಂಬುದು ಶಾಸನ. ಅಲ್ಲಿ ಹೊಸ ರಸ್ತೆಯನ್ನು ಕೇಳುವವರು ನೂರು ಮಂದಿ. ಇದ್ದ ರಸ್ತೆಯ ಮೋರಿಯನ್ನು ತೆಗೆಯಿಸಿರೆಂದು ಕೇಳುವವನು ಒಬ್ಬನೂ ಸಿಗುವುದು ದುರ್ಲಭ.

೨೦೦೫ರ ಮಾಹಿತಿ ಹಕ್ಕಿನ ಅಧಿನಿಯಮವು ಕೊಟ್ಟ ಒಂದು ಅಧಿಕಾರವನ್ನು ಬಹುಜನರು ಅರಿಯರು. ಕಾಗದಪತ್ರಗಳ ನಕಲನ್ನಷ್ಟೇ ಅಲ್ಲದೆ, ನಡೆದ ಕಾಮಗಾರಿಯನ್ನು ಪರೀಕ್ಷಿಸುವುದಕ್ಕೂ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವುದಕ್ಕೂ ನಾಗರಿಕನಿಗೆ ಅದರಲ್ಲಿ ಹಕ್ಕುಂಟು. ಅರ್ಜಿಗೆ ೩೦ ದಿನಗಳೊಳಗೆ ಉತ್ತರ ಬರಬೇಕು. ೨೦೧೯ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಬೆಂಗಳೂರಿನ ರಸ್ತೆಗಳ ಪ್ರಕರಣದಲ್ಲಿ, ಸುಸ್ಥಿತಿಯ ರಸ್ತೆಯು ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಹೇಳಿತು. ಹೊರಸಿನ ಮೇಲೆ ಹಳ್ಳ ದಾಟಿದ ತಾಯಿಯನ್ನು ಕಂಡ ನಮಗೆ ಆ ಮಾತು ಉತ್ಪ್ರೇಕ್ಷೆಯೆನಿಸಲಿಲ್ಲ.

ಹಣವೇ ಇಲ್ಲವೆಂಬ ಹಳೆಯ ಮಾತು ಈಗ ಪೂರ್ತಿಯಾಗಿ ಸಲ್ಲದು. ೨೦೦೯ರ ಡಿಸೆಂಬರ ೩೦ರಂದು ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿಯು ಸ್ವತಂತ್ರ ಜಿಲ್ಲೆಯಾಯಿತು. ಸಂವಿಧಾನದ ೩೭೧ಜೆ ವಿಧಿಯ ಫಲವಾಗಿ ೨೦೧೩ರಿಂದ ನಮ್ಮ ಪ್ರದೇಶಕ್ಕೆ ವಿಶೇಷ ಅನುದಾನವನ್ನು ಹಂಚುವ ಮಂಡಳಿಯೂ ಇದೆ. ಆದರೆ ಹೊಸ ರಸ್ತೆಗೆ ಭೂಮಿಪೂಜೆಯುಂಟು, ಹೂಮಾಲೆಯುಂಟು. ಮೋರಿಯ ಹೂಳು ತೆಗೆದವನಿಗೆ ಯಾರೂ ಮಾಲೆ ಹಾಕರು. ಕೀರ್ತಿಯಿಲ್ಲದ ಕೆಲಸವನ್ನು ಕೇಳಿ ಮಾಡಿಸಿಕೊಳ್ಳುವ ಭಾರವು ಆದುದರಿಂದಲೇ ಗೃಹಸ್ಥರ ಮೇಲಿದೆ.

ಗೃಹಸ್ಥನ ಸ್ವಂತ ಕರ್ತವ್ಯವೂ ಇಲ್ಲದಿಲ್ಲ. ಮನೆಯ ಮುಂದಿನ ಚರಂಡಿಯ ಮೇಲೆ ಕಟ್ಟೆ ಕಟ್ಟುವುದು, ಬಚ್ಚಲ ನೀರನ್ನು ಬೀದಿಗೆ ಬಿಡುವುದು, ನಳದ ಕೊಳವೆಗಾಗಿ ಅನುಮತಿಯಿಲ್ಲದೆ ರಸ್ತೆಯನ್ನು ಅಗೆದು ಸಡಿಲ ಮಣ್ಣಿನಿಂದ ಮುಚ್ಚುವುದು, ಹೊಲದ ಬದುವನ್ನು ರಸ್ತೆಯ ಚರಂಡಿಯವರೆಗೆ ಸರಿಸುವುದು, ಇವೆಲ್ಲ ನಾವೇ ಮಾಡುವ ಅಪಚಾರಗಳು. ಕೆರೆ ಬಾವಿಗಳನ್ನು ಕಟ್ಟಿಸುವುದನ್ನು ಪೂರ್ತವೆಂದು ಕರೆದು, ಯಜ್ಞಕ್ಕೆ ಜೊತೆಯಾಗಿ ಎಣಿಸಿದ ಹಿರಿಯರ ಮಕ್ಕಳು ನಾವು. ದಾರಿಯ ಪಕ್ಕದಲ್ಲಿ ಆಲದ ಮರಗಳನ್ನು ನೆಡಿಸಿ ಬಾವಿಗಳನ್ನು ತೋಡಿಸಿದೆನೆಂದು ತನ್ನ ಶಾಸನಗಳಲ್ಲಿ ಹೇಳಿಕೊಂಡ ಅಶೋಕನ ಆಳಿಕೆಯು ನಮ್ಮ ಭೀಮಾ ತೀರವನ್ನೂ ಮುಟ್ಟಿದ್ದಿತೆಂಬುದಕ್ಕೆ, ಸನ್ನತಿಯಲ್ಲಿ ದೊರೆತ ಅವನ ಶಾಸನಶಿಲೆಯೇ ಸಾಕ್ಷಿ. ಮರ ನೆಡಲಾಗದಿದ್ದರೆ ಚಿಂತೆಯಿಲ್ಲ; ಹರಿಯುವ ನೀರಿಗೆ ಅಡ್ಡ ಬಾರದಿದ್ದರೂ ಅರ್ಧ ಪುಣ್ಯ ಬಂದಂತೆಯೇ.

ನಮ್ಮ ಎರಡನೆಯ ಮನವಿಯು ಸರಿಯಾದ ಬಾಗಿಲಿಗೆ ಹೋಯಿತು. ರಸ್ತೆಯ ಕೊರೆತವನ್ನು ಗರಸು ಹಾಕಿ ತುಂಬಿದರು. ಮರುವರ್ಷದ ವೈಶಾಖದಲ್ಲಿ ಪಂಚಾಯಿತಿಯವರು ಕೂಲಿಕಾರರನ್ನು ಕಳುಹಿಸಿದರು. ಊರ ತರುಣರೂ ಗುದ್ದಲಿ ಹಿಡಿದು ಕೂಡಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಮೂರು ಕೊಳವೆಗಳ ಆಚೆಯ ಬೆಳಕು ಈಚೆಗೆ ಕಂಡಿತು. ಆ ಶ್ರಾವಣದಲ್ಲಿ ಹಳ್ಳವು ತುಂಬಿಯೇ ಹರಿಯಿತು, ಆದರೆ ಮೋರಿಯ ಕೆಳಗೆ ಹರಿಯಿತು. ಅಂದು ಗಾಡಿಯಲ್ಲಿ ಹುಟ್ಟಿದ ಹುಡುಗಿ ಆ ಮೇಲೆ ಅದೇ ಹಾದಿಯಲ್ಲಿ ನಡೆದು ನಮ್ಮ ಶಾಲೆಗೆ ಬಂದಳು.

ಈ ವರ್ಷ ಮೃಗಶಿರಕ್ಕೆ ಮೊದಲು ತಾವು ಮಾಳಿಗೆಯನ್ನು ನೋಡಿ ಇಳಿದ ಮೇಲೆ, ಏಣಿಯನ್ನು ಒಳಗಿಟ್ಟು, ಊರ ಮೋರಿಯವರೆಗೆ ಒಮ್ಮೆ ನಡೆದು ಬರಬೇಕೆಂದು ನಮ್ಮ ಪ್ರಾರ್ಥನೆ.