ಶಾಲೆಯ ಜಾಲಕ್ಕೊಂದು ಅಗಸಿ

ಕಳೆದ ಪಾಲಕರ ಸಭೆಯಲ್ಲಿ ಜಮಾಖರ್ಚಿನ ಪಟ್ಟಿಯನ್ನು ಓದುತ್ತಿದ್ದಾಗ, ಇಚಲಕರಂಜಿಯಲ್ಲಿ ಮಗ್ಗದ ಕೆಲಸ ಮಾಡುವ ಪಾಲಕರೊಬ್ಬರು ಎದ್ದು ನಿಂತು, "ಗುರುಗಳ, ಈ ಪೆಟಗಿಗೆ ವರ್ಷಾ ವರ್ಷಾ ರೊಕ್ಕಾ ಕಟ್ಟತೀರಿ. ಆದ್ರ ಅದರ ಕೀಲಿ ಮುಗಿಲಾಗ ಐತಂತಲ್ರಿ, ಖರೇನು?" ಎಂದು ಕೇಳಿದರು. ಸಭೆ ನಕ್ಕಿತು, ನಾವೂ ನಕ್ಕೆವು. ಮನೆಗೆ ಹೋದ ಮೇಲೆ ವಿಚಾರ ಮಾಡಿದಾಗ, ಆ ದಿನ ಬಂದ ಪ್ರಶ್ನೆಗಳಲ್ಲಿ ಅದೇ ಎಲ್ಲಕ್ಕಿಂತ ಮುಖ್ಯವಾದುದೆಂದು ತೋರಿತು. ಆ ಪ್ರಶ್ನೆಯನ್ನು ನಾವೇ ಮೊದಲು ಕೇಳಿಕೊಂಡಿದ್ದರೆ ಸಂಸ್ಥೆಯು ಒಂದು ದೊಡ್ಡ ಪೇಚಿನಿಂದ ಪಾರಾಗುತ್ತಿತ್ತು. ಆದುದರಿಂದ ಅದಕ್ಕೆ ಈ ಸಂಚಿಕೆಯಲ್ಲಿ ಸಾವಕಾಶವಾಗಿ ಉತ್ತರ ಕೊಡಲು ಯತ್ನಿಸುತ್ತೇವೆ.

ಮೊದಲು ಪೆಟ್ಟಿಗೆಯ ವಿಷಯ. ಇದಕ್ಕೆ ಸೆಕ್ಯುರಿಟಿ ಗೇಟ್‌ವೇ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಅಗಸಿ. ಹಿಂದೆ ನಮ್ಮ ಕಡೆಯ ಊರುಗಳಿಗೆ ಅಗಸಿ ಇರುತ್ತಿತ್ತು. ಬರುವವರೂ ಹೋಗುವವರೂ ಅದರ ಮೂಲಕವೇ ಹಾಯಬೇಕು; ರಾತ್ರಿ ಬಾಗಿಲು ಮುಚ್ಚುತ್ತಿದ್ದರು; ತಳವಾರನು ಕಾಯುತ್ತಿದ್ದನು. ಪನ್ಹಾಳಗಡಕ್ಕೆ ಪ್ರವಾಸ ಹೋಗಿ ಬಂದ ವಿದ್ಯಾರ್ಥಿಗಳಿಗೆ ಅಲ್ಲಿಯ ತೀನ್ ದರವಾಜಾ ನೆನಪಿರಬಹುದು. ಅಲ್ಲಿ ಒಂದು ಬಾಗಿಲನ್ನು ದಾಟಿದವನು ನೇರವಾಗಿ ಕೋಟೆಯೊಳಗೆ ಬರಲಾರ. ನಡುವಿನ ಅಂಗಳದಲ್ಲಿ ಕಾವಲುಗಾರರ ಕಣ್ಣಿಗೆ ಬಿದ್ದು ಮುಂದಿನ ಬಾಗಿಲನ್ನು ದಾಟಬೇಕು. ನಮ್ಮ ಶಾಲೆಯ ಗಣಕಯಂತ್ರಗಳಿಗೂ ಹೊರಗಿನ ಅಂತರಜಾಲಕ್ಕೂ ನಡುವೆ ಈ ಪೆಟ್ಟಿಗೆ ಮಾಡುವ ಕೆಲಸ ಅಂತಹುದೇ.

ಅಂತರಜಾಲವು ಹುಟ್ಟಿದ ಕಾಲದಲ್ಲಿ ಇಂತಹ ಬಾಗಿಲುಗಳ ಯೋಚನೆ ಇರಲಿಲ್ಲ. ಪರಸ್ಪರ ಪರಿಚಿತರಾದ ವಿದ್ವಾಂಸರು ವಿಶ್ವಾಸದಿಂದ ಕಟ್ಟಿದ ಊರು ಅದು. ೧೯೮೮ನೆಯ ನವೆಂಬರ ೨ರಂದು ಅಮೇರಿಕೆಯ ವಿದ್ಯಾರ್ಥಿಯೊಬ್ಬನು ಬಿಟ್ಟ ಒಂದು ಕ್ರಮವಿಧಿಯು ತನ್ನಷ್ಟಕ್ಕೆ ತಾನೇ ಹರಡುತ್ತ ಹೋಗಿ ಸಾವಿರಾರು ಯಂತ್ರಗಳನ್ನು ನಿಷ್ಕ್ರಿಯಗೊಳಿಸಿತು. ಮೋರಿಸ್ ವರ್ಮ್ ಎಂದು ಅದು ಕುಪ್ರಸಿದ್ಧವಾಯಿತು. ವಿಶ್ವಾಸವೊಂದೇ ಸಾಲದು, ಬಾಗಿಲೂ ಬೇಕೆಂಬ ಅರಿವು ಅಂದಿನಿಂದ ಬಲವಾಯಿತು. ನಮ್ಮ ದೇಶದಲ್ಲಿ ಅಂತರಜಾಲವು ಸಾಮಾನ್ಯ ಜನರಿಗೆ ದೊರೆತದ್ದು ೧೯೯೫ನೆಯ ಆಗಸ್ಟ ೧೫ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಈ ಅಗಸಿಯ ಮೊದಲನೆಯ ಕೆಲಸವು ವಿಳಾಸದ್ದು. ಅಂತರಜಾಲದಲ್ಲಿ ಹೋಗುವ ಸುದ್ದಿಯನ್ನೆಲ್ಲ ಸಣ್ಣ ಸಣ್ಣ ತುಂಡುಗಳಾಗಿ ಮಾಡಿ, ಪ್ರತಿಯೊಂದರ ಮೇಲೆಯೂ ಕಳುಹಿದವರ ಮತ್ತು ತಲುಪಬೇಕಾದವರ ವಿಳಾಸವನ್ನು ಅಂಕೆಗಳಲ್ಲಿ ಬರೆದಿರುತ್ತಾರೆ. ಹಳೆಯ ಪದ್ಧತಿಯ ಇಂತಹ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು ೪೨೯ ಕೋಟಿ ಮಾತ್ರ, ಎಲ್ಲರಿಗೂ ಸಾಲವು. ಆದುದರಿಂದ ಶಾಲೆಗೆ ಹೊರಗಿನ ವಿಳಾಸ ಒಂದೇ. ಒಳಗಿನ ಯಂತ್ರಗಳಿಗೆ ೧೯೨.೧೬೮ ಎಂದು ಮೊದಲಾಗುವ ಖಾಸಗಿ ವಿಳಾಸಗಳನ್ನು ಕೊಟ್ಟಿದ್ದೇವೆ. ಊರೂರಿನ ಶಾಲೆಗಳೂ ಮನೆಗಳೂ ಇವೇ ಅಂಕೆಗಳನ್ನು ಬಳಸಬಹುದು.

ಇದಕ್ಕೆ ಕೊಲ್ಹಾಪುರದ ವಸತಿಗೃಹಗಳ ಉದಾಹರಣೆ ಚೆನ್ನಾಗಿ ಒಪ್ಪುತ್ತದೆ. ರಾಜರ್ಷಿ ಶಾಹೂ ಮಹಾರಾಜರು ೧೯೦೧ರಿಂದ ಮೊದಲುಮಾಡಿ ನಾನಾ ಸಮಾಜಗಳ ಬಡ ವಿದ್ಯಾರ್ಥಿಗಳಿಗಾಗಿ ಅಲ್ಲಿ ವಸತಿಗೃಹಗಳನ್ನು ಬೆಳೆಯಿಸಿದರು. ವಸತಿಗೃಹದ ಹುಡುಗನಿಗೆ ಬರುವ ಕಾಗದದ ಮೇಲೆ ವಸತಿಗೃಹದ ವಿಳಾಸವಿರುತ್ತದೆ; ಅವನು ಯಾವ ಕೋಣೆಯಲ್ಲಿ ಇರುತ್ತಾನೆಂಬುದು ಅಂಚೆಯವನಿಗೆ ತಿಳಿಯದು. ಬಂದ ಕಾಗದವನ್ನು ಮೇಲ್ವಿಚಾರಕರು ತಮ್ಮ ಪಟ್ಟಿಯನ್ನು ನೋಡಿ ಅವನ ಕೋಣೆಗೆ ಮುಟ್ಟಿಸುತ್ತಾರೆ. ಅಂತೆಯೇ ಯಾವ ಯಂತ್ರವು ಯಾರಿಗೆ ಏನು ಕೇಳಿ ಕಳುಹಿತೆಂಬುದನ್ನು ಈ ಪೆಟ್ಟಿಗೆ ಬರೆದಿಟ್ಟುಕೊಂಡು, ಉತ್ತರ ಬಂದೊಡನೆ ಆ ಯಂತ್ರಕ್ಕೇ ಒಪ್ಪಿಸುತ್ತದೆ.

ಎರಡನೆಯ ಕೆಲಸವು ಕಾವಲಿನದು. ೨೦೨೧ರಲ್ಲಿ ಕೊರೋನಾ ಕಾಲದಲ್ಲಿ ನಿಪ್ಪಾಣಿಯ ಕಡೆಗೆ ಹೋದವರಿಗೆ ಕೊಗನೋಳಿಯ ತಪಾಸಣಾ ನಾಕೆ ನೆನಪಿದ್ದೀತು. ಪರೀಕ್ಷೆಯ ಪ್ರಮಾಣಪತ್ರವಿದ್ದವರನ್ನು ಬಿಡುತ್ತಿದ್ದರು, ಇಲ್ಲದವರನ್ನು ತಿರುಗಿ ಕಳುಹುತ್ತಿದ್ದರು. ನಮ್ಮ ಪೆಟ್ಟಿಗೆಯ ನಿಯಮವೂ ಸರಳವಾದುದು: ಒಳಗಿನವರು ಕೇಳಿದುದಕ್ಕೆ ಬಂದ ಉತ್ತರಕ್ಕೆ ಪ್ರವೇಶವುಂಟು, ಕೇಳದೆ ಬಂದುದಕ್ಕೆ ಇಲ್ಲ. ಪ್ರತಿಯೊಂದು ಗಣಕಯಂತ್ರಕ್ಕೂ ಪೋರ್ಟ್ ಎಂಬ ಸಂಖ್ಯೆಯುಳ್ಳ ಕಿಂಡಿಗಳಿರುತ್ತವೆ. ಅವುಗಳ ಸಂಖ್ಯೆ ೬೫,೫೩೫ರ ವರೆಗೆ ಹೋಗುತ್ತದೆ. ೨೦೧೭ನೆಯ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ನೂರೈವತ್ತರಷ್ಟು ದೇಶಗಳಲ್ಲಿ ಹಬ್ಬಿ ಕಡತಗಳನ್ನು ಬಂಧಿಸಿ ಬಿಡುಗಡೆಗೆ ಹಣ ಕೇಳಿತು. ಅದು ನುಗ್ಗಿದ್ದು ೪೪೫ನೆಯ ಕಿಂಡಿಯ ಮೂಲಕ. ಆ ದೋಷಕ್ಕೆ ಮದ್ದು ಮಾರ್ಚ ತಿಂಗಳಲ್ಲಿಯೇ ಬಂದಿತ್ತು; ಹಾಕಿಕೊಳ್ಳದವರು ಕೆಟ್ಟರು. ಹೊರಗಿನಿಂದ ಆ ಕಿಂಡಿಯನ್ನು ಮುಚ್ಚಿಡುವುದೂ, ಮದ್ದನ್ನು ಕಾಲಕ್ಕೆ ಸರಿಯಾಗಿ ಹಾಕುವುದೂ ಎರಡೂ ಅವಶ್ಯ.

ಇನ್ನು ಮುಗಿಲಿನ ಮಾತು. ಕ್ಲೌಡ್ ಎಂದರೆ ಮೋಡವೆಂದು ನಿಘಂಟಿನಲ್ಲಿದೆ. ಇಲ್ಲಿ ಮೋಡವೂ ಇಲ್ಲ, ಮಳೆಯೂ ಇಲ್ಲ. ದೂರದ ಯಾವುದೋ ಕಟ್ಟಡದಲ್ಲಿ ಪೆಟ್ಟಿಗೆಯನ್ನು ಮಾಡಿದ ಕಂಪನಿಯವರು ಇಟ್ಟಿರುವ ಗಣಕಯಂತ್ರಗಳು, ಅಷ್ಟೆ. ಹಿಂದೆ ಇಂತಹ ಪೆಟ್ಟಿಗೆಗೆ ನಿಯಮ ಹಾಕಬೇಕಾದರೆ ಬಲ್ಲವನು ಬಂದು ಅದರ ಮುಂದೆಯೇ ಕೂಡಬೇಕಾಗುತ್ತಿತ್ತು. ೨೦೦೬ರಲ್ಲಿ ಅಮೇರಿಕೆಯಲ್ಲಿ ಹುಟ್ಟಿ ೨೦೧೨ರಲ್ಲಿ ಸಿಸ್ಕೋ ಕಂಪನಿಯ ಪಾಲಾದ ಮೆರಾಕಿ ಮುಂತಾದವರು ಬೇರೆ ರೀತಿಯನ್ನು ರೂಢಿಗೆ ತಂದರು. ನಿಯಮಗಳನ್ನೆಲ್ಲ ಕಂಪನಿಯ ಯಂತ್ರದಲ್ಲಿ ನಮ್ಮ ಹೆಸರಿನ ಖಾತೆಯಲ್ಲಿ ಬರೆದಿಡುವುದು. ಪೆಟ್ಟಿಗೆಯು ತಾನಾಗಿ ಅಲ್ಲಿಗೆ ಗುಪ್ತಲಿಪಿಯಲ್ಲಿ ಸಂಪರ್ಕ ಮಾಡಿ ಅವುಗಳನ್ನು ಇಳಿಸಿಕೊಳ್ಳುವುದು. ಮಕ್ಕಳು ಓದುವ ಪಾಠವು ಆ ಕಟ್ಟಡವನ್ನು ಹಾಯ್ದು ಬರುವುದಿಲ್ಲ. ಅಲ್ಲಿಗೆ ಹೋಗುವವು ನಿಯಮಗಳೂ ವರದಿಗಳೂ ಮಾತ್ರ. ಆ ಸಂಪರ್ಕವು ಕೆಲಹೊತ್ತು ಕಡಿದರೂ ಪೆಟ್ಟಿಗೆಯು ಕೊನೆಗೆ ಪಡೆದ ನಿಯಮದಂತೆ ಕಾವಲನ್ನು ನಡೆಸುತ್ತದೆ.

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರು ಊರುಗಳಲ್ಲಿ ಹಂಚಿಹೋದ ನಮ್ಮ ಸಂಸ್ಥೆಗೆ ಇದು ಅನುಕೂಲವಾಗಿ ಕಂಡಿತು. ಕೊಲ್ಹಾಪುರದಿಂದ ಗಡಹಿಂಗ್ಲಜಕ್ಕೆ ನಿಪ್ಪಾಣಿಯ ಮೇಲೆ ಹಾಯ್ದು ಹೋಗಿಬರುವುದೆಂದರೆ ಒಂದು ದಿನವೇ ಕಳೆಯುತ್ತದೆ. ಒಂದೇ ಮೇಜಿನ ಮುಂದೆ ಕುಳಿತು ಮೂರು ಅಗಸಿಗಳನ್ನೂ ನೋಡಿಕೊಳ್ಳಬಹುದೆಂದು, ದಾನಿಗಳ ನೆರವಿನಿಂದ ಮೂರು ಪೆಟ್ಟಿಗೆಗಳನ್ನು ತರಿಸಿದೆವು.

ಇಲ್ಲಿಯೇ ನಮ್ಮ ತಪ್ಪು ನಡೆಯಿತು. ಪೆಟ್ಟಿಗೆಗಳನ್ನು ಜೋಡಿಸಲು ಬಂದ ತರುಣನು, "ಸರ್, ಖಾತೆಯನ್ನು ಯಾರ ಈ-ಮೇಲ್ ಮೇಲೆ ತೆರೆಯಲಿ?" ಎಂದು ಕೇಳಿದನು. ಪ್ರಾರ್ಥನೆಯ ಗಂಟೆ ಬಾರಿಸಿತ್ತು. "ನಿಮ್ಮದರ ಮೇಲೆಯೇ ತೆರೆಯಿರಿ, ಅದರಲ್ಲೇನು!" ಎಂದು ನಾವು ಹೇಳಿ ಹೊರಟುಬಿಟ್ಟೆವು. ಪೆಟ್ಟಿಗೆಗಳ ಕ್ರಮಾಂಕಗಳು ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ ಬಿದ್ದುವು. ಖಾತೆಯ ಹೆಸರು ಎಲ್ಲಿಯೂ ಬೀಳಲಿಲ್ಲ.

ಒಂದು ವರುಷ ಸುಖವಾಗಿ ನಡೆಯಿತು. ಮುಂದಿನ ದೀಪಾವಳಿಯ ರಜೆ ಮುಗಿದು, ೧೦ನೆಯ ಇಯತ್ತೆಯ ಪರೀಕ್ಷೆಯ ಅರ್ಜಿಗಳನ್ನು ಮಂಡಳಿಯ ತಾಣದಲ್ಲಿ ತುಂಬುತ್ತಿದ್ದ ವಾರದಲ್ಲಿ, ಒಂದು ಮುಂಜಾನೆ ಮೂರು ಊರುಗಳಲ್ಲಿಯೂ ಒಮ್ಮೆಲೇ ಅಂತರಜಾಲ ನಿಂತಿತು. ಪೆಟ್ಟಿಗೆಗಳು ಕೆಟ್ಟಿರಲಿಲ್ಲ, ಅವುಗಳ ವಾರ್ಷಿಕ ಪರವಾನಿಗೆ ಮುಗಿದಿತ್ತು. ಅವಧಿಯ ಮೇಲೆ ಒಂದು ತಿಂಗಳ ಸವಲತ್ತನ್ನೂ ಕಂಪನಿ ಕೊಟ್ಟಿತ್ತು, ಎಚ್ಚರಿಕೆಯ ಪತ್ರಗಳನ್ನೂ ಕಳುಹಿತ್ತು. ಅವೆಲ್ಲ ಹೋದದ್ದು ಆ ತರುಣನ ವಿಳಾಸಕ್ಕೆ. ಆತನು ಕೆಲಸ ಬಿಟ್ಟು ಪರಊರಿಗೆ ಹೋಗಿದ್ದನು. ಫೋನಿನ ಸಂಖ್ಯೆಯೂ ಬದಲಾಗಿತ್ತು. ಪೆಟ್ಟಿಗೆಯ ಹಿಂದಿನ ಗುಂಡಿಯನ್ನು ಒತ್ತಿ ಮೊದಲಿನ ಸ್ಥಿತಿಗೆ ತಂದು ನೋಡಿದೆವು. ಅದು ಎದ್ದು, ಕಂಪನಿಯನ್ನು ಸಂಪರ್ಕಿಸಿ, ತಾನು ಯಾರದೆಂದು ಕೇಳಿಕೊಂಡು, ಮತ್ತೆ ಆತನ ಖಾತೆಗೇ ಹೋಗಿ ನಿಂತಿತು. ಪೆಟ್ಟಿಗೆಯನ್ನು ಬಿಟ್ಟು ತಂತಿಯನ್ನು ನೇರವಾಗಿ ಜೋಡಿಸೋಣವೆಂದರೆ, ಅದಕ್ಕೆ ಬೇಕಾದ ಅಂಕೆಗಳ ಚೀಟಿಯೂ ಆತನ ಬಳಿಯೇ ಉಳಿದಿತ್ತು.

ಪರಿಣಾಮವೇನಾಯಿತು? ಕಾರಕೂನರು ಅರ್ಜಿಯ ಕಾಗದಗಳನ್ನು ಕಟ್ಟಿಕೊಂಡು ಪೇಟೆಯ ಸೈಬರ್ ಅಂಗಡಿಯಲ್ಲಿ ಸರದಿಗೆ ನಿಂತರು. ಅವಸರದಲ್ಲಿ ಒಬ್ಬ ವಿದ್ಯಾರ್ಥಿನಿಯ ಹೆಸರು ತಪ್ಪಾಗಿ ಬಿದ್ದಿತು. ಅದನ್ನು ತಿದ್ದಿಸಲು ಅವಳ ತಂದೆ ಎರಡು ದಿನದ ಕೂಲಿಯನ್ನು ಬಿಟ್ಟು ತಿರುಗಬೇಕಾಯಿತು. ಖರೀದಿಯ ಪಾವತಿಯು ಸಂಸ್ಥೆಯ ಹೆಸರಿನಲ್ಲಿದ್ದುದೊಂದೇ ನಮ್ಮನ್ನು ಉಳಿಸಿತು. ಅದನ್ನೂ, ಪೆಟ್ಟಿಗೆಗಳ ಕ್ರಮಾಂಕಗಳನ್ನೂ, ಕಾರ್ಯದರ್ಶಿಗಳ ಸಹಿಯ ಪತ್ರವನ್ನೂ ಕಳುಹಿದ ಮೇಲೆ ೧೧ನೆಯ ದಿನ ಪೆಟ್ಟಿಗೆಗಳು ನಮ್ಮ ಖಾತೆಗೆ ಬಂದುವು. ಆ ತರುಣನ ಮೇಲೆ ನಮಗೆ ಸಿಟ್ಟಿಲ್ಲ. ಕೇಳಬೇಕಾದುದನ್ನು ಆತನು ಕೇಳಿದ್ದನು. ಹೇಳಬಾರದುದನ್ನು ಹೇಳಿದವರು ನಾವು.

ಎರಡನೆಯ ಸಲ ನಾವು ಹೇಗೆ ಜೋಡಿಸಿದೆವೆಂಬುದನ್ನು ಇತರ ಶಾಲೆಗಳಿಗೂ ಉಪಯೋಗವಾಗಲೆಂದು ಹೇಳುತ್ತೇವೆ. ಮೊದಲು ಸಂಸ್ಥೆಯ ಹೆಸರಿನಲ್ಲಿಯೇ ಈ-ಮೇಲ್ ವಿಳಾಸವನ್ನು ಮಾಡಿ, ಅದರ ಮೇಲೆ ಖಾತೆಯನ್ನು ತೆರೆದೆವು. ಪೂರ್ಣ ಅಧಿಕಾರವು ಇಬ್ಬರಿಗೆ, ಮುಖ್ಯಾಧ್ಯಾಪಕರಿಗೆ ಮತ್ತು ಕಾರ್ಯದರ್ಶಿಗಳಿಗೆ. ಜೋಡಿಸುವವರಿಗೆ ಬೇರೊಂದು ಪ್ರವೇಶ ಕೊಟ್ಟು, ಕೆಲಸ ಮುಗಿದ ದಿನವೇ ತೆಗೆದುಹಾಕಿದೆವು. ಪಾಸ್‌ವರ್ಡಿನ ಸಂಗಡ ಫೋನಿಗೆ ಬರುವ ಎರಡನೆಯ ಸಂಕೇತವನ್ನೂ ಕಡ್ಡಾಯ ಮಾಡಿದೆವು. ಆ ಮೇಲೆ ಕ್ರಮಾಂಕಗಳನ್ನು ಖಾತೆಯಲ್ಲಿ ನೋಂದಾಯಿಸಿ, ಹೊರಗಿನ ತಂತಿಯನ್ನು ಹೊರಕಿಂಡಿಗೂ ಒಳಗಿನ ಸ್ವಿಚ್ಚಿನ ತಂತಿಯನ್ನು ಒಳಕಿಂಡಿಗೂ ಹಾಕಿ, ದೀಪ ಸ್ಥಿರವಾಗುವ ವರೆಗೆ ಕಾಯ್ದೆವು. ಮೊದಲ ಸಲ ಪೆಟ್ಟಿಗೆಯು ಹೊಸ ಕ್ರಮವಿಧಿಯನ್ನು ಇಳಿಸಿಕೊಳ್ಳುವುದರಿಂದ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ವಿದ್ಯುತ್ತು ಹೋಗದಂತೆ ಬ್ಯಾಟರಿಯ ಆಧಾರವಿರಬೇಕು.

ಬಳಿಕ ಒಳಗಿನ ಜಾಲವನ್ನು ಮೂರು ಓಣಿಗಳಾಗಿ ಒಡೆದೆವು: ಕಚೇರಿ, ಮಕ್ಕಳ ಗಣಕ ಕೊಠಡಿ, ಅತಿಥಿಗಳ ವೈ-ಫೈ. ಒಂದು ಓಣಿಯವರು ಇನ್ನೊಂದನ್ನು ಹೊಗಲಾರರು. ಹೀಗಾಗಿ ಗಣಕ ಕೊಠಡಿಗೆ ಪೀಡೆ ಬಂದರೂ ಅಂಕಪಟ್ಟಿಗಳಿರುವ ಕಚೇರಿಗೆ ಅದು ಸುಲಭವಾಗಿ ದಾಟದು. ಹೊರಗಿನಿಂದ ಒಳಕ್ಕೆ ಯಾವ ಕಿಂಡಿಯನ್ನೂ ತೆರೆದಿಡಲಿಲ್ಲ. ಕ್ರಮವಿಧಿಯ ಸುಧಾರಣೆಯು ರವಿವಾರ ರಾತ್ರಿ ತಾನಾಗಿ ನಡೆಯುವಂತೆ ಗೊತ್ತುಮಾಡಿದೆವು. ಪ್ರತಿ ಸೋಮವಾರ ಮೂರು ಊರುಗಳ ವರದಿಯನ್ನು ಓದುತ್ತೇವೆ. ಪರವಾನಿಗೆ ಮುಗಿಯುವ ದಿನಾಂಕವನ್ನು ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ ಕೆಂಪು ಮಸಿಯಿಂದ ಬರೆದಿದ್ದೇವೆ. ಶಿಕ್ಷಕರಿಗೆ ವರ್ಗವಾದರೆ ಅಲಮಾರಿನ ಕೀಲಿಯ ಸಂಗಡ ಖಾತೆಯ ಪ್ರವೇಶವನ್ನೂ ಹಿಂದಕ್ಕೆ ಪಡೆಯುತ್ತೇವೆ.

ನಮ್ಮ ಮಕ್ಕಳು ಓದುವುದನ್ನೆಲ್ಲ ನೀವು ನೋಡುವಿರೋ ಎಂದು ಕೆಲವು ತಾಯಂದಿರು ಕೇಳಿದ್ದಾರೆ. ಇಂದಿನ ಹೆಚ್ಚಿನ ತಾಣಗಳು ಗುಪ್ತಲಿಪಿಯಲ್ಲಿ ಮಾತನಾಡುವುದರಿಂದ, ಯಾವ ಯಂತ್ರವು ಯಾವ ತಾಣಕ್ಕೆ ಹೋಯಿತೆಂಬುದು ಸಾಮಾನ್ಯವಾಗಿ ನಮಗೆ ಕಾಣುತ್ತದೆ. ಅಲ್ಲಿ ಏನು ಬರೆದರು, ಏನು ಓದಿದರು ಎಂಬುದು ಕಾಣದು. ಲಕೋಟೆಯ ಮೇಲಿನ ವಿಳಾಸ ಕಂಡಂತೆ, ಒಳಗಿನ ಕಾಗದವಲ್ಲ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ೧೮ ವರುಷ ತುಂಬದವರನ್ನು ಮಕ್ಕಳೆಂದೇ ಎಣಿಸಿದೆ. ಆದುದರಿಂದ ವರದಿಯನ್ನು ನಾವಿಬ್ಬರಲ್ಲದೆ ಬೇರೆಯವರು ತೆರೆಯಬಾರದೆಂದು ನಿಯಮ ಮಾಡಿದ್ದೇವೆ.

ಅಸಭ್ಯ ತಾಣಗಳನ್ನು ಪೆಟ್ಟಿಗೆಯು ಬಹುಮಟ್ಟಿಗೆ ತಡೆಯುತ್ತದೆ, ಪೂರ್ತಿಯಾಗಿ ಅಲ್ಲ. ಇಂಗ್ಲಿಷಿನ ಕೆಟ್ಟದ್ದನ್ನು ಗುರುತಿಸುವಷ್ಟು ಚೆನ್ನಾಗಿ ಕನ್ನಡದ, ಮರಾಠಿಯ ಕೆಟ್ಟದ್ದನ್ನು ಅದು ಗುರುತಿಸಲಾರದೆಂದು ನಮ್ಮ ಅನುಭವ. ಒಮ್ಮೆ ಶರೀರಶಾಸ್ತ್ರದ ಪಾಠವೊಂದನ್ನು ತಡೆದು, ಬೇಡದ ಹಾಡೊಂದನ್ನು ಬಿಟ್ಟುಕೊಟ್ಟಿತು. ಮನೆಯಲ್ಲಿ ಮಕ್ಕಳ ಕೈಯಲ್ಲಿರುವ ಮೊಬೈಲಂತೂ ನಮ್ಮ ಅಗಸಿಯನ್ನು ಹಾಯುವುದೇ ಇಲ್ಲ. ಅಲ್ಲಿಯ ಕಾವಲು ಪಾಲಕರದು.

ಕ್ಲೌಡಿನವರೂ ತಪ್ಪದವರಲ್ಲ. ೨೦೨೩ನೆಯ ಡಿಸೆಂಬರದಲ್ಲಿ ಯುಬಿಕ್ವಿಟಿ ಕಂಪನಿಯ ಕೆಲವು ಗ್ರಾಹಕರಿಗೆ ತಮ್ಮ ಖಾತೆಯಲ್ಲಿ ಪರರ ಉಪಕರಣಗಳು ಕಾಣಿಸಿದುವು. ತಪ್ಪು ನಡೆದುದನ್ನು ಕಂಪನಿಯೇ ಒಪ್ಪಿಕೊಂಡಿತು. ಆದುದರಿಂದ ನಿಯಮಗಳ ಒಂದು ಪ್ರತಿಯನ್ನೂ ಹೊರಗಿನ ತಂತಿಯ ಅಂಕೆಗಳನ್ನೂ ಕಾಗದದ ಮೇಲೆ ಬರೆದು ಸಂಸ್ಥೆಯ ತಿಜೋರಿಯಲ್ಲಿ ಇಟ್ಟಿದ್ದೇವೆ.

ಇಚಲಕರಂಜಿಯ ಆ ಪಾಲಕರಿಗೆ ಈಗ ಉತ್ತರ ಹೇಳಬಹುದು. ಬೀಗ ಶಾಲೆಯಲ್ಲಿದೆ, ಕೀಲಿಯನ್ನು ಇಟ್ಟಿರುವ ಗೂಟ ದೂರದಲ್ಲಿದೆ. ಗೂಟ ದೂರವಿದ್ದರೆ ಬಾಧೆಯಿಲ್ಲ, ಕೀಲಿಯ ಮೇಲೆ ಬರೆದ ಹೆಸರು ನಮ್ಮದಾಗಿರಬೇಕು. ಮೊದಲು ಅದು ನಮ್ಮದಾಗಿರಲಿಲ್ಲ, ಈಗ ಆಗಿದೆ. ಪಾಲಕರಲ್ಲಿ ನಮ್ಮದೊಂದು ವಿನಂತಿ. ಈ ಲೇಖನವನ್ನು ಓದಿದ ದಿನವೇ ನಿಮ್ಮ ಮನೆಯ ಅಂತರಜಾಲ, ಬ್ಯಾಂಕಿನ ಖಾತೆ, ವಿದ್ಯುತ್ತಿನ ಬಿಲ್ಲು, ಮಗುವಿನ ವಿದ್ಯಾರ್ಥಿವೇತನದ ಅರ್ಜಿ ಇವು ಯಾರ ಫೋನಿನ ಸಂಖ್ಯೆಯ ಮೇಲಿವೆಯೆಂದು ಮಕ್ಕಳನ್ನು ಕೂಡಿಸಿಕೊಂಡು ನೋಡಿರಿ. ಅಂಗಡಿಯವನದೋ, ಊರು ಬಿಟ್ಟುಹೋದ ಸಂಬಂಧಿಕರದೋ ಸಂಖ್ಯೆ ಇದ್ದರೆ, ಅರ್ಜಿಯ ಕೊನೆಯ ದಿನ ಬರುವ ಮೊದಲೇ ಬದಲಾಯಿಸಿಕೊಳ್ಳಿರಿ.